ಪುರುಡು ಮುಗಿಯಲಿ ಎಂದು ಕಾಯಬೇಡಿ
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಆಶಾ ಕಾರ್ಯಕರ್ತೆಯರ ಬಗ್ಗೆ. ಬರೆದವರು ಬೆಂಗಳೂರಿನವರು ಅಥವಾ ಸುತ್ತಲಿನ ತಾಲ್ಲೂಕುಗಳವರು. ಬಸುರಿ ಹೆಂಗಸು ಕೆಲಸಕ್ಕೆಂದು ನಗರದಲ್ಲಿ, ಹೆರಿಗೆಗೆಂದು ತವರಿನ ಹಳ್ಳಿಯಲ್ಲಿ, ಮಗು ಮೂರು ತಿಂಗಳಾದ ಮೇಲೆ ಮತ್ತೆ ನಗರದಲ್ಲಿ ಇರುವ ಮನೆಗಳೇ ಬಹಳ. ಹಾಗಾಗಿ ಮೊದಲು ಆ ಪ್ರಶ್ನೆ.

ನನ್ನ ಹೆಂಡತಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡ್ತಾಳೆ. ಈಗ ಐದು ತಿಂಗಳು. ಏಳರಲ್ಲಿ ಸೀಮಂತ ಮುಗಿಸಿ ಶಿರಾ ಹತ್ತಿರದ ತವರಿಗೆ ಕಳಿಸ್ತೀವಿ. ತಾಯಿ ಕಾರ್ಡನ್ನ ಅಲ್ಲೇ ಮಾಡಿಸಿದರೆ ಆಗಲ್ವಾ?
ಓದುಗರು, ದಾಸರಹಳ್ಳಿ

ಇಲ್ಲೇ ಮಾಡಿಸಿ, ಈ ವಾರವೇ ಮಾಡಿಸಿ. ತಾಯಿ ಕಾರ್ಡ್ ಎಂದರೆ ಬಸುರನ್ನು ನೋಂದಾಯಿಸಿ ತಪಾಸಣೆಗಳನ್ನೆಲ್ಲ ಬರೆದಿಡುವ ಸರ್ಕಾರಿ ಕಾರ್ಡು. ಆ ನೋಂದಣಿ 12 ವಾರದೊಳಗೆ ಆಗಬೇಕಿತ್ತು, ಈಗಾಗಲೇ ತಡವಾಗಿದೆ. ನಿಮ್ಮ ಬಡಾವಣೆಯ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರ ಆಧಾರ್, ಆಕೆಯದೇ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಕೊನೆಯ ಮುಟ್ಟಿನ ದಿನಾಂಕ ಹಿಡಿದು ಹೋಗಿ. ನಗರದಲ್ಲಿ ಆಶಾ ಕಾರ್ಯಕರ್ತೆಯರು ಮುಖ್ಯವಾಗಿ ಕೊಳೆಗೇರಿ ಮತ್ತು ಬಡವರ ಬಸ್ತಿಗಳನ್ನು ನೋಡಿಕೊಳ್ಳುತ್ತಾರೆ. ಬಾಡಿಗೆ ವಠಾರದ ಬಾಗಿಲಿಗೆ ಯಾರೂ ಬರದೇ ಇರಬಹುದು. ಹುಡುಕಿಕೊಂಡು ನೀವೇ ಹೋಗಬೇಕು.

ತಾಯಿ ಕಾರ್ಡಿನ ಮೇಲೆ 12 ಅಂಕಿಯ ಒಂದು ಗುರುತಿನ ಸಂಖ್ಯೆ ಇರುತ್ತದೆ. ಊರು ಬದಲಾದರೂ ಅದು ಬದಲಾಗುವುದಿಲ್ಲ. ತವರಿಗೆ ಹೋದ ಮೇಲೆ "ಕಾರ್ಡ್ ಬೆಂಗಳೂರಲ್ಲೇ ಬಿಟ್ಟು ಬಂದೆ" ಎಂದು ಹೊಸದು ಮಾಡಿಸಿದರೆ ಒಬ್ಬಳೇ ಹೆಂಗಸಿಗೆ ಎರಡು ಸಂಖ್ಯೆ ಬರುತ್ತದೆ. ರಕ್ತ ಪರೀಕ್ಷೆ ಒಂದರಲ್ಲಿ, ಹೆರಿಗೆ ಇನ್ನೊಂದರಲ್ಲಿ. ಆಮೇಲೆ ಸಹಾಯಧನವೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಹೊರಡುವ ಮುಂಚೆ ಕಾರ್ಡಿನಲ್ಲಿ ಇವೆಲ್ಲ ಬರೆದಿದೆಯೇ ನೋಡಿಕೊಳ್ಳಿ: ರಕ್ತದ ಗುಂಪು, ದಿನಾಂಕದ ಸಮೇತ ಹಿಮೋಗ್ಲೋಬಿನ್, ಪ್ರತಿ ಭೇಟಿಯ ಬಿಪಿ ಮತ್ತು ತೂಕ, ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ, ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ, ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದಿನ ಎರಡು ದಿನಾಂಕ (ಎರಡರ ನಡುವೆ ನಾಲ್ಕು ವಾರ ಇರಬೇಕು). ಸ್ಕ್ಯಾನಿಂಗ್ ವರದಿಯನ್ನು ಕಾರ್ಡಿಗೇ ಪಿನ್ ಹಾಕಿಡಿ.

ಇನ್ನು ನಿಜವಾದ ಅಪಾಯ ಎಲ್ಲಿದೆ ಹೇಳುತ್ತೇವೆ. ಇಲ್ಲಿನ ಕೊನೆಯ ತಪಾಸಣೆಗೂ ಅಲ್ಲಿನ ಮೊದಲ ತಪಾಸಣೆಗೂ ನಡುವೆ ಆರೆಂಟು ವಾರ ಸುಮ್ಮನೆ ಕಳೆದುಹೋಗುತ್ತದೆ. ಸೀಮಂತ, ಪ್ರಯಾಣ, ನೆಂಟರು, "ಈಗ ತಾನೇ ಬಂದಿದಾಳೆ, ಸ್ವಲ್ಪ ಸುಧಾರಿಸಿಕೊಳ್ಳಲಿ" ಅನ್ನುವ ಮಾತು. ಬಸುರಿನಲ್ಲಿ ಬಿಪಿ ಏರುವುದು ಹೆಚ್ಚಾಗಿ ಇದೇ ಏಳು, ಎಂಟು, ಒಂಬತ್ತನೇ ತಿಂಗಳಲ್ಲಿ. ಅದಕ್ಕೇ ಹೊರಡುವ ಒಂದು ತಿಂಗಳ ಮೊದಲೇ ಅತ್ತೆ ಮಾವನ ಕೈಲಿ ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ತರಿಸಿಕೊಳ್ಳಿ, ಅಂಗನವಾಡಿಯಲ್ಲಿ ಸಿಗುತ್ತದೆ. ಫೋನಿನಲ್ಲಿ ಕಾರ್ಡಿನ ಸಂಖ್ಯೆ, ಹೆರಿಗೆಯ ಅಂದಾಜು ದಿನ, ಇದು ಎಷ್ಟನೇ ಬಸುರು, ಹಿಂದೆ ಸಿಸೇರಿಯನ್ ಆಗಿದೆಯೇ, ಕೊನೆಯ ಹಿಮೋಗ್ಲೋಬಿನ್ ಎಷ್ಟು, ಇಷ್ಟು ಹೇಳಿದರೆ ಸಾಕು. ಊರು ತಲುಪಿದ ಮೊದಲ ವಾರದಲ್ಲೇ ಆಕೆಯ ಜೊತೆ ಉಪಕೇಂದ್ರಕ್ಕೆ ಹೋಗಿ ಬಿಪಿ ನೋಡಿಸಲಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ದಾಟಿದ ಬಸುರಿಯರನ್ನು ವೈದ್ಯರೇ ಉಚಿತವಾಗಿ ನೋಡುವ ಕಾರ್ಯಕ್ರಮ 2016ರಿಂದ ಇದೆ. ಆ ತಾರೀಕನ್ನೂ ಗುರುತು ಹಾಕಿಕೊಳ್ಳಿ.

ಸೊಸೆಗೆ ಎಚ್‌ಬಿ 8.6 ಇದೆ. ಕೆಂಪು ಮಾತ್ರೆ ನುಂಗಿದರೆ ವಾಂತಿ ಬರುತ್ತೆ ಅಂತಾಳೆ. ಆಶಾ ಅಮ್ಮ ಬಂದಾಗಲೆಲ್ಲ ಖಾಲಿ ಹಾಳೆ ತೋರ್ಸಿ ಅಂತ ಕೇಳ್ತಾರೆ. ನಮ್ಮ ಮೇಲೆ ಅನುಮಾನವಾ?
ಓದುಗರು, ದೇವನಹಳ್ಳಿ

ಅನುಮಾನ ಅಂತ ತಿಳಿಯಬೇಡಿ. "ಮಾತ್ರೆ ತಗೋತಿದೀಯಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಮಾತ್ರೆಯ ಹಾಳೆ ನೋಡಿದರೆ ಎಷ್ಟು ಉಳಿದಿದೆ, ಯಾವಾಗ ನಿಲ್ಲಿಸಿದಳು ಎಂದು ಗೊತ್ತಾಗುತ್ತದೆ, ಯಾಕೆ ನಿಲ್ಲಿಸಿದಳು ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ.

ಬಸುರಿಗೆ ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, 11 ಗ್ರಾಂ ಇರಬೇಕು. 10ರಿಂದ 10.9 ಇದ್ದರೆ ಅಲ್ಪ, 7ರಿಂದ 9.9 ಇದ್ದರೆ ಮಧ್ಯಮ, 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ನಿಮ್ಮ ಸೊಸೆಯದು ಮಧ್ಯಮ. ರಕ್ತಹೀನತೆ ಇಲ್ಲದವರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಮಾತ್ರೆ, ಒಟ್ಟು 180 ದಿನ, ಹೆರಿಗೆಯಾದ ಮೇಲೂ 180 ದಿನ. ಒಂದೊಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತಹೀನತೆ ಇರುವವರಿಗೆ ದಿನಕ್ಕೆ ಎರಡು.

ವಾಂತಿಯ ಕಾರಣ ಸಾಮಾನ್ಯವಾಗಿ ಖಾಲಿ ಹೊಟ್ಟೆ. ಬೆಳಗಿನ ಮಾತ್ರೆಯನ್ನು ಬಿಟ್ಟು, ಮಧ್ಯಾಹ್ನದ ಊಟವಾದ ಒಂದು ಗಂಟೆಗೆ ಒಂದು, ರಾತ್ರಿ ಊಟವಾಗಿ ಮಲಗುವ ಮುಂಚೆ ಇನ್ನೊಂದು ಎಂದು ಬದಲಿಸಿ ನೋಡಿ. ಮಲ ಕಪ್ಪಗಾಗುವುದು ಸಹಜ. ಇದನ್ನು ಮೊದಲೇ ಹೇಳದೇ ಹೋದರೆ ಹೆದರಿ ನಿಲ್ಲಿಸುವವರೇ ಬಹಳ. ಕಾಫಿ, ಟೀ, ಹಾಲು, ರಾಗಿ ಗಂಜಿಯ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯದೂ ಅದೇ ಕಥೆ, ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಎಷ್ಟೋ ಮನೆಗಳಲ್ಲಿ ಎರಡೂ ಹಾಳೆ ಒಂದೇ ಡಬ್ಬಿಯಲ್ಲಿ ಇರುತ್ತವೆ, ಎರಡನ್ನೂ ಒಟ್ಟಿಗೆ ಹಾಲಿನಲ್ಲಿ ನುಂಗಿಸುತ್ತಾರೆ. ಆರು ತಿಂಗಳು ನುಂಗಿದರೂ ರಕ್ತ ಏರಲಿಲ್ಲ ಎಂದು ಆಮೇಲೆ ದೂರು. ನೀರಿಗೆ ಅರ್ಧ ನಿಂಬೆ ಹಿಂಡಿ ಅದರಲ್ಲಿ ನುಂಗಿದರೆ ಒಳ್ಳೆಯದು.

ನಾಲ್ಕನೇ ತಿಂಗಳು ಹಿಡಿದ ಮೇಲೆ ಒಂದು ಸಲ ಜಂತುಹುಳುವಿನ ಮಾತ್ರೆ, ಅಂದರೆ 400 ಮಿಲಿಗ್ರಾಂ ಅಲ್ಬೆಂಡಜೋಲ್, ಕೊಟ್ಟಿದ್ದಾರೆಯೇ ಕೇಳಿ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಕೊಡುವ ಮಾತೃಪೂರ್ಣ ಊಟವನ್ನು ತಪ್ಪಿಸಬೇಡಿ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ ಆಕೆಗೇ ಸೇರಬೇಕು. ಡಬ್ಬಿಯಲ್ಲಿ ಮನೆಗೆ ತಂದರೆ ಅದು ಮಕ್ಕಳ ಪಾಲಾಗುತ್ತದೆ.

ತಿಂಗಳಿಗೊಮ್ಮೆ ಎಚ್‌ಬಿ ನೋಡಿಸಿ. ಸರಿಯಾಗಿ ನುಂಗಿಯೂ ತಿಂಗಳಲ್ಲಿ ಒಂದು ಗ್ರಾಂ ಏರದಿದ್ದರೆ ಬೇರೆ ಕಾರಣವಿರಬಹುದು, ತಾಲ್ಲೂಕು ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿ ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಒಂಬತ್ತನೇ ತಿಂಗಳವರೆಗೆ ಕಾದು ಹೋದರೆ ಅದಕ್ಕೂ ಸಮಯ ಸಾಲದು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. 12 ಗ್ರಾಂ ಇರುವವಳು ತಡೆದುಕೊಳ್ಳುವಷ್ಟು ರಕ್ತಸ್ರಾವವನ್ನು 7 ಗ್ರಾಂ ಇರುವವಳು ತಡೆದುಕೊಳ್ಳಲಾರಳು.

ಇಂಜೆಕ್ಷನ್ ಹಾಕಲ್ಲ, ಬಿಪಿ ನೋಡಲ್ಲ, ಹೆರಿಗೆ ಮಾಡಿಸಲ್ಲ. ಹಾಗಾದ್ರೆ ಆಶಾ ಕಾರ್ಯಕರ್ತೆ ಮಾಡೋದಾದ್ರೂ ಏನು?
ಓದುಗರು, ಆನೇಕಲ್

ಆಕೆಯ ಕೆಲಸ ಮನೆಗೆ ಬರುವುದು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸುಮಾರು ಸಾವಿರ ಜನಕ್ಕೆ ಒಬ್ಬರಂತೆ, ಅದೇ ಊರಿನ ಹೆಂಗಸನ್ನೇ ಆರಿಸಿ ತರಬೇತಿ ಕೊಟ್ಟಿದ್ದು ಇದಕ್ಕಾಗಿ. ಬಿಪಿ, ಚುಚ್ಚುಮದ್ದು, ಹೊಟ್ಟೆ ಪರೀಕ್ಷೆ ಉಪಕೇಂದ್ರದ ನರ್ಸ್, ಅಂದರೆ ಎಎನ್‌ಎಂ ಸಿಸ್ಟರ್ ಕೆಲಸ. ಅವರು ತಿಂಗಳಿಗೊಮ್ಮೆ ಅಂಗನವಾಡಿಗೆ ಬರುತ್ತಾರೆ. ಅವತ್ತು ನಡೆದು ಬಂದ ಕೂಡಲೇ ಕೈ ಚಾಚಬೇಡಿ. ಐದು ನಿಮಿಷ ಕೂತು ಆಮೇಲೆ ಬಿಪಿ ನೋಡಿಸಿ, ಇಲ್ಲದಿದ್ದರೆ ಸುಮ್ಮನೆ ಹೆಚ್ಚು ತೋರಿಸುತ್ತದೆ. 140/90 ಅಥವಾ ಮೇಲಿದ್ದರೆ ವೈದ್ಯರ ಹತ್ತಿರ, 160/110 ದಾಟಿದರೆ ಆ ಗಳಿಗೆಯೇ ಆಸ್ಪತ್ರೆಗೆ.

ಆ ದಿನ ಮತ್ತು ಮುಂದಿನ ತಿಂಗಳ ಅದೇ ದಿನದ ನಡುವಿನ ಮೂವತ್ತು ದಿನ ಆಶಾ ಕಾರ್ಯಕರ್ತೆಯದು. ಆಕೆ ಜಗಲಿಯಲ್ಲಿ ಕೂತು ಮಾತಾಡುವಾಗ ಬಸುರಿಯ ಮುಖ, ಕೈ ನೋಡುತ್ತಿರುತ್ತಾಳೆ. ಸಂಜೆ ಹೊತ್ತಿಗೆ ಪಾದ ಊದುವುದು ಬಹಳ ಜನಕ್ಕೆ ಇದ್ದದ್ದೇ. ಬೆಳಗ್ಗೆ ಎದ್ದಾಗ ಮುಖ ಊದಿಕೊಂಡಿದ್ದರೆ, ಬಳೆ ಬಿಗಿಯಾದರೆ, ಬಿಡದ ತಲೆನೋವು, ಕಣ್ಣು ಮಂಜು, ಎದೆಗುಳಿಯ ಕೆಳಗೆ ನೋವು ಇದ್ದರೆ ಅದು ಬೇರೆಯೇ ವಿಷಯ, ಫಿಟ್ಸ್ ಬರುವ ಮುನ್ಸೂಚನೆ. ರಕ್ತ ಹೋಗುವುದು, ಮಗುವಿನ ಒದೆತ ಕಡಿಮೆಯಾಗುವುದು, ಜ್ವರ, ನೋವಿಲ್ಲದೇ ನೀರು ಹೋಗುವುದು ಇವುಗಳನ್ನೂ ಆಕೆ ಕೇಳುತ್ತಾಳೆ. ಮುಚ್ಚಿಡದೆ ಹೇಳಿ. ಡಾಕ್ಟರ ಮುಂದೆ ಎರಡು ನಿಮಿಷದಲ್ಲಿ ಹೇಳಲು ನಾಚುವ ಮಾತನ್ನು ತನ್ನ ಓಣಿಯವಳ ಹತ್ತಿರ ಹೇಳಬಹುದಲ್ಲ.

ಮಗಳು ಬಾಣಂತಿ. ಮೂರನೇ ದಿನಕ್ಕೇ ಆಶಾ ಕಾರ್ಯಕರ್ತೆ ಮಗು ನೋಡಬೇಕು ಅಂತ ಬಂದರು. ನಮ್ಮಲ್ಲಿ ಹನ್ನೊಂದು ದಿನ ಪುರುಡು, ಹೊರಗಿನವರನ್ನ ಬಾಣಂತಿ ಕೋಣೆಗೆ ಬಿಡಲ್ಲ. ನಾಮಕರಣ ಆದಮೇಲೆ ಬಂದರೆ ಸಾಲದೇ?
ಓದುಗರು, ಹೊಸಕೋಟೆ

ಸಾಲದು ತಾಯಿ. ಎಲ್ಲ ಪತ್ರಗಳಲ್ಲೂ ನಮ್ಮನ್ನು ಹೆಚ್ಚು ಕಾಡಿದ್ದು ನಿಮ್ಮದೇ, ಹಾಗಾಗಿ ಉದ್ದವಾಗಿ ಬರೆಯುತ್ತೇವೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಬರುವುದು 3, 7, 14, 21, 28 ಮತ್ತು 42ನೇ ದಿನ. ಮನೆಯಲ್ಲೇ ಆಗಿಹೋದರೆ ಮೊದಲ ದಿನವೂ ಸೇರಿ ಏಳು ಭೇಟಿ. ಸಿಸೇರಿಯನ್ ಆದವರು ಮೂರನೇ ದಿನ ಇನ್ನೂ ಆಸ್ಪತ್ರೆಯಲ್ಲೇ ಇರುವುದರಿಂದ ಮನೆಗೆ ಬಂದ ಮೇಲೆ ಶುರು. ಇದರಲ್ಲಿ 3 ಮತ್ತು 7 ಎರಡೂ ಪುರುಡಿನೊಳಗೇ ಬೀಳುತ್ತವೆ. ಆ ದಿನಗಳನ್ನು ಸುಮ್ಮನೆ ಆರಿಸಿಲ್ಲ. ಮಗುವಿನ ಕಾಮಾಲೆ ಏರುವುದು ಮೂರರಿಂದ ಐದನೇ ದಿನದಲ್ಲಿ, ಎದೆಹಾಲು ತುಂಬಿ ಬರುವುದೂ ಆಗಲೇ, ಹೊಕ್ಕುಳ ಕೀವಾಗುವುದು, ತಾಯಿಗೆ ನಂಜೇರುವುದು ಮೊದಲ ವಾರದಲ್ಲಿ. ಹನ್ನೆರಡನೇ ದಿನ ಬಂದು ನೋಡುವಾಗ ಇದರಲ್ಲಿ ಎಷ್ಟೋ ಕೈಮೀರಿರುತ್ತದೆ.

ಆಕೆ ಬಂದರೆ ಏನು ಮಾಡುತ್ತಾಳೆ ನೋಡಿ. ಮೊದಲು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಾಳೆ, ನೀರು ಕೊಡಿ. ಥರ್ಮಾಮೀಟರನ್ನು ಮಗುವಿನ ಕಂಕುಳಲ್ಲಿ ಇಡುತ್ತಾಳೆ. 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಮಗು ತಣ್ಣಗಾಗಿದೆ, ಬಟ್ಟೆ ಬಿಚ್ಚಿ ತಾಯಿಯ ಎದೆಗೆ ಅಪ್ಪಿಸಿ ಮೇಲೆ ಹೊದೆಸಬೇಕು. ಉಸಿರನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. ಎಳೆಮಗುವಿನ ಉಸಿರು ಒಂದೇ ಸಮ ಇರುವುದಿಲ್ಲ, ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಿದರೆ ತಪ್ಪು ಬರುತ್ತದೆ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ, ಮತ್ತೂ ಅಷ್ಟೇ ಇದ್ದರೆ ಆಸ್ಪತ್ರೆಗೆ.

ಆಮೇಲೆ ತೂಕ. ಜೋಳಿಗೆಯ ತಕ್ಕಡಿಗೆ ಮೊದಲು ಖಾಲಿ ಜೋಳಿಗೆ ನೇತುಹಾಕಿ ಮುಳ್ಳನ್ನು ಸೊನ್ನೆಗೆ ತರಬೇಕು. ಅದನ್ನು ಮರೆತರೆ ಜೋಳಿಗೆಯ ತೂಕವೂ ಮಗುವಿನ ಲೆಕ್ಕಕ್ಕೆ ಸೇರುತ್ತದೆ. ಸ್ವೆಟರು, ಹೊದಿಕೆ ತೆಗೆದೇ ತೂಗಬೇಕು, ಚಳಿಯೆಂದು ಅಡ್ಡ ಬರಬೇಡಿ, ಅರ್ಧ ನಿಮಿಷದ ಕೆಲಸ. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. 2.5 ಕಿಲೋಗಿಂತ ಕಡಿಮೆಯಿದ್ದರೆ ವಿಶೇಷ ಆರೈಕೆ ಬೇಕು, 1.8ಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಯಲ್ಲೇ ಇರಬೇಕು.

ತಾಯಿಯ ಬಗ್ಗೆ ಆಕೆಯ ಫಾರಂನಲ್ಲಿ ಇರುವ ಪ್ರಶ್ನೆಗಳನ್ನು ನೀವೇ ಓದಿ. ದಿನಕ್ಕೆ ಎಷ್ಟು ಸಲ ಹೊಟ್ಟೆ ತುಂಬ ಊಟ ಮಾಡುತ್ತಾಳೆ? ನಾಲ್ಕಕ್ಕಿಂತ ಕಡಿಮೆಯಿದ್ದರೆ ಮನೆಯವರಿಗೆ ಹೇಳಬೇಕು. 24 ಗಂಟೆಯಲ್ಲಿ ಎಷ್ಟು ಪ್ಯಾಡ್ ಬದಲಿಸಿದಳು? ಐದು ದಾಟಿದರೆ ಆಸ್ಪತ್ರೆ. ಸ್ರಾವಕ್ಕೆ ಕೆಟ್ಟ ವಾಸನೆಯಿದ್ದು ಜ್ವರವೂ ಇದ್ದರೆ ಆಸ್ಪತ್ರೆ. ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ಯುತ್ತಿದೆಯೇ? ಹಾಗಿದ್ದರೆ ಹಾಲು ಸಾಲುತ್ತಿಲ್ಲ. ಮಗು ಮೊಲೆ ಹಿಡಿಯುವ ಬಗೆಯನ್ನು ಕಣ್ಣಾರೆ ನೋಡಿ ತಿದ್ದುತ್ತಾಳೆ. ಇದನ್ನೆಲ್ಲ ಹೊಸಿಲಾಚೆ ನಿಂತು ಕೇಳಲಾಗುವುದಿಲ್ಲ.

ಇನ್ನು ಪುರುಡು. ಪುರುಡಿನ ಕೋಣೆಗೆ ಸೂಲಗಿತ್ತಿ ಯಾವ ಕಾಲದಲ್ಲೂ ಬರುತ್ತಿದ್ದಳಲ್ಲವೇ? ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ದೇಶವೇ ಕೈಮುಗಿಯಿತು. ಬಾಣಂತಿಯನ್ನೂ ಕೂಸನ್ನೂ ನೋಡಿಕೊಳ್ಳುವವಳಿಗೆ ಮೈಲಿಗೆಯ ಲೆಕ್ಕವನ್ನು ನಮ್ಮ ಹಿರಿಯರೇ ಹಾಕಿಲ್ಲ. ಆಶಾ ಕಾರ್ಯಕರ್ತೆಯನ್ನೂ ಆ ಸಾಲಿಗೇ ಸೇರಿಸಿಕೊಳ್ಳಿ. ಅದೂ ಮನಸ್ಸಿಗೆ ಒಪ್ಪದಿದ್ದರೆ ಪಡಸಾಲೆಯಲ್ಲಿ ಬೆಳಕಿರುವ ಕಡೆ ಚಾಪೆ ಹಾಸಿ ತಾಯಿ ಮಗುವನ್ನು ಅಲ್ಲಿಗೆ ಕರೆತನ್ನಿ. ಆಕೆಗೂ ಮನೆ, ಮಡಿ ಎಲ್ಲ ಇದೆ, ಹೋಗಿ ಸ್ನಾನ ಮಾಡಿಕೊಳ್ಳುತ್ತಾಳೆ.

ನೀವು ಕೇಳದಿದ್ದರೂ ಬಾಣಂತನದ ಎರಡು ಪದ್ಧತಿಗಳ ಬಗ್ಗೆ ಹೇಳಲೇಬೇಕು. ಒಂದು, "ನೀರು ಕುಡಿದರೆ ಹೊಟ್ಟೆ ಬರುತ್ತೆ, ಮೈ ಊದುತ್ತೆ" ಎಂದು ಬಾಣಂತಿಗೆ ನೀರು ಅಳೆದು ಕೊಡುವುದು. ಹೆರಿಗೆಯಾದ ಹೊಸತರಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ. ಮೈಯಲ್ಲಿ ನೀರು ಆರಿದರೆ ಅದು ಇನ್ನೂ ಹೆಚ್ಚುತ್ತದೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ತಲೆನೋವು, ಫಿಟ್ಸ್, ಕೈಕಾಲು ಸ್ವಾಧೀನ ತಪ್ಪುವುದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಬಾಣಂತಿಯರಲ್ಲಿ ನೋಡುತ್ತ ಬಂದಿದ್ದಾರೆ. ಬಾಯಾರಿದಷ್ಟೂ ಕೊಡಿ, ಕಾಯಿಸಿ ಆರಿಸಿದ ನೀರಾದರೆ ನಿಮ್ಮ ಸಮಾಧಾನಕ್ಕೂ ಆಯಿತು. ಎರಡನೆಯದು ಮಗುವಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆದು ಸಾಂಬ್ರಾಣಿ ಹೊಗೆ ಹಾಕುವುದು. ತೂಕ ಕಡಿಮೆಯಿರುವ ಕೂಸಿಗೆ ತೂಕ ಏರುವವರೆಗೆ ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಗೆ ಯಾವ ಕೂಸಿಗೂ ಬೇಡ. ಹೊಕ್ಕುಳಿಗೆ ಅರಿಶಿನ, ಎಣ್ಣೆ, ಬೂದಿ ಏನನ್ನೂ ಹಚ್ಚಬೇಡಿ. ಬಾಯಿಗೆ ಜೇನು, ಹರಳೆಣ್ಣೆ, ಸಕ್ಕರೆ ನೀರು ಹಾಕಬೇಡಿ.

ರಾತ್ರಿ ನೋವು ಬಂದರೆ ಮೊದಲು ಆಶಾಗೆ ಫೋನ್ ಮಾಡಬೇಕಾ, 108ಕ್ಕಾ?
ಓದುಗರು, ನೆಲಮಂಗಲ

108ಕ್ಕೆ. ಆಮೇಲೆ ಆಕೆಗೆ. ಆಕೆ ಬರಲಿ ಎಂದು ಆಂಬುಲೆನ್ಸ್ ನಿಲ್ಲಿಸಿಕೊಳ್ಳಬೇಡಿ, ದಾರಿಯಲ್ಲಿ ಹತ್ತುತ್ತಾಳೆ. ಫೋನಿನಲ್ಲಿ ತಾಲ್ಲೂಕು, ಊರು, ಮುಖ್ಯರಸ್ತೆಯಿಂದ ಬರುವ ದಾರಿಯ ಗುರುತು (ಹಾಲಿನ ಡೈರಿ, ದೇವಸ್ಥಾನ, ಶಾಲೆ) ಹೇಳಿ, ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಹೋಗಿ ನಿಲ್ಲಲಿ. ಹತ್ತು ನಿಮಿಷಕ್ಕೊಮ್ಮೆ ನೋವು ಬಂದು ಬಂದು ಬಿಗಿಯಾಗುತ್ತಿದ್ದರೆ ಹೊರಡುವ ಹೊತ್ತು. ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಿ.

ಯಾವ ಆಸ್ಪತ್ರೆಗೆ ಎಂಬುದು ಅವತ್ತು ರಾತ್ರಿ ತೀರ್ಮಾನವಾಗಬಾರದು. ಹಿಂದೆ ಸಿಸೇರಿಯನ್ ಆದವರು, ಅವಳಿ ಮಕ್ಕಳು, ಬಿಪಿ, ಎಚ್‌ಬಿ 7ಕ್ಕಿಂತ ಕಡಿಮೆ, ಮಗು ಅಡ್ಡ ತಿರುಗಿರುವುದು, ಇಂಥವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಲ್ಲಿಂದ ಮುಂದೆ ಕಳಿಸಿಕೊಳ್ಳುವುದರಲ್ಲಿ ಎರಡು ಗಂಟೆ ಕಳೆಯುತ್ತದೆ. ಆಪರೇಷನ್ ಮತ್ತು ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಎಂಟನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯ ಜೊತೆ ಕೂತು ಆಸ್ಪತ್ರೆಯ ಹೆಸರು, ರಕ್ತ ಕೊಡಬಲ್ಲ ಇಬ್ಬರ ಫೋನ್ ನಂಬರ್, ಆಂಬುಲೆನ್ಸ್ ತಡವಾದರೆ ಊರಲ್ಲಿ ಯಾರ ಗಾಡಿ ಎಂಬುದನ್ನು ತಾಯಿ ಕಾರ್ಡಿನ ಹಿಂದೆ ಬರೆದಿಡಿ.

ಹೆರಿಗೆ ಸಲೀಸಾಗಿ ಆಯಿತೆಂದು ಅದೇ ದಿನ ಮನೆಗೆ ಹೊರಡಬೇಡಿ, 48 ಗಂಟೆ ಇರಿ. ಅತಿ ರಕ್ತಸ್ರಾವ ಹೆಚ್ಚಾಗಿ ಆಗುವುದು ಮೊದಲ 24 ಗಂಟೆಯಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ವಾಪಸು ಬಿಡಲು ನಗು ಮಗು ವಾಹನವನ್ನು ಕೇಳಿ ಪಡೆಯಿರಿ.

ಆಶಾ ಕಾರ್ಯಕರ್ತೆಗೆ ನಾವು ದುಡ್ಡು ಕೊಡಬೇಕಾ? ನಮಗೆ ಬರುವ ದುಡ್ಡು ಯಾವುದು?
ಓದುಗರು, ದೊಡ್ಡಬಳ್ಳಾಪುರ

ಕೊಡಬೇಕಿಲ್ಲ. ಆಕೆಗೆ ಸಂಬಳವಿಲ್ಲ, ರಾಜ್ಯದ ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಇದೆ. ಹಳ್ಳಿಯ ಒಬ್ಬ ಬಡ ಬಸುರಿಯನ್ನು ತಪಾಸಣೆಗಳಿಗೆ ಕರೆದೊಯ್ದಿದ್ದಕ್ಕೆ 300, ಆಸ್ಪತ್ರೆ ಹೆರಿಗೆಗೆ 300 ರೂಪಾಯಿ. ಮೇಲೆ ಹೇಳಿದ ಆರೂ ಭೇಟಿಗಳಿಗೆ ಸೇರಿ 250. ನೀವು ಬಾಗಿಲಲ್ಲೇ ಕಳಿಸಿದರೆ, ಕಂಪ್ಯೂಟರಿನಲ್ಲಿ ನೋಂದಣಿ ತಪ್ಪಿದರೆ ಅದೂ ಇಲ್ಲ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದಿದ್ದು ಈ ಕಾರಣಕ್ಕೇ. ಅವರ ಬೇಡಿಕೆ ನ್ಯಾಯವಾದದ್ದು ಎಂದೇ ನಮ್ಮ ಅಭಿಪ್ರಾಯ.

ನಿಮಗೆ ಬರುವುದು: ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000, ಎರಡನೆಯದು ಹೆಣ್ಣಾದರೆ 6,000. ಅರ್ಜಿ ಅಂಗನವಾಡಿಯಲ್ಲಿ. ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಬಿಪಿಎಲ್ ಮತ್ತು ಪರಿಶಿಷ್ಟ ಕುಟುಂಬಗಳಿಗೆ ಆಸ್ಪತ್ರೆ ಹೆರಿಗೆಗೆ 700, ನಗರದಲ್ಲಾದರೆ 600. ಹಣ ನಿಲ್ಲುವುದು ಸಾಮಾನ್ಯವಾಗಿ ಒಂದೇ ಕಡೆ: ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು. ಬಸುರಿನ ಮೊದಲ ತಿಂಗಳುಗಳಲ್ಲೇ ಎರಡನ್ನೂ ಒಂದೇ ರೀತಿ ಮಾಡಿಸಿ, ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಬ್ಯಾಂಕಿನಲ್ಲಿ ಕೇಳಿ.

ನಾದಿನಿ ಹೆರಿಗೆಯಾಗಿ ಒಂದು ತಿಂಗಳು. ಸುಮ್ಮಸುಮ್ಮನೆ ಅಳ್ತಾಳೆ, ಮಗು ಎತ್ಕೊಳಲ್ಲ. ಇದೂ ಆಶಾ ಹತ್ತಿರ ಹೇಳೋ ವಿಷಯನಾ?
ಓದುಗರು, ಮಾಗಡಿ

ಖಂಡಿತ ಹೇಳಬೇಕು. ಹೆರಿಗೆಯ ಮೊದಲ ವಾರದಲ್ಲಿ ಅಳು ಬರುವುದು, ಮನಸ್ಸು ಕುಗ್ಗುವುದು ಬಹಳ ಜನಕ್ಕೆ ಇರುತ್ತದೆ, ತಾನೇ ಹೋಗುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ ಅದು ಖಿನ್ನತೆ ಇರಬಹುದು, ಚಿಕಿತ್ಸೆಯಿದೆ. ಹಾಲುಣಿಸುವವರಿಗೆ ಕೊಡಬಹುದಾದ ಔಷಧಿಗಳೂ ಇವೆ. "ಸೋಮಾರಿತನ", "ಹೆಣ್ಣು ಹುಟ್ಟಿತೆಂದು ಬೇಜಾರು" ಎಂದು ಮನೆಯಲ್ಲಿ ಯಾರೂ ಆಡಿಕೊಳ್ಳದ ಹಾಗೆ ನೋಡಿಕೊಳ್ಳಿ. ಮಗುವನ್ನು ರಾತ್ರಿ ಒಂದು ಸರದಿ ಬೇರೆಯವರು ನೋಡಿಕೊಂಡು ಆಕೆಗೆ ಒಟ್ಟಿಗೆ ನಾಲ್ಕೈದು ಗಂಟೆ ನಿದ್ದೆ ಸಿಗಲಿ.

ಯಾರೂ ಇಲ್ಲದಿದ್ದರೂ ಆಕೆಗೆ ದನಿ ಕೇಳಿಸುತ್ತಿದ್ದರೆ, ನಿದ್ದೆಯೇ ಬರದಿದ್ದರೆ, ಸಾಯುವ ಮಾತು ಅಥವಾ ಮಗುವಿಗೆ ಏನಾದರೂ ಮಾಡುವ ಮಾತು ಬಂದರೆ ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತಾಡಿ ಸಲಹೆ ಕೇಳಲು 14416, ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಸಿಗುತ್ತದೆ. ಆಶಾ ಕಾರ್ಯಕರ್ತೆಯ 42ನೇ ದಿನದ ಭೇಟಿ ಇನ್ನೂ ಬಾಕಿಯಿದೆ. ಅಲ್ಲಿಯವರೆಗೆ ಕಾಯದೆ ನಾಳೆ ಬೆಳಗ್ಗೆಯೇ ಆಕೆಗೆ ಫೋನ್ ಮಾಡಿ, ನಾದಿನಿಯ ಜೊತೆ ಒಂದು ಗಳಿಗೆ ಇಬ್ಬರೇ ಕೂತು ಮಾತಾಡಲು ಜಾಗ ಮಾಡಿಕೊಡಿ.